ಪಡುವಣ ಗೋಡೆಗೆ ತುಂಬಿದ್ದು

ಅತ್ತೆ ಊರಿಗೆ ಹೋಗದಿರಲಿ ಎಂದು ಸೊಸೆಯೊಬ್ಬಳು ಮನೆಯ ಗೋಡೆ ಒಡೆದಳು ಎಂದರೆ ನೀವು ನಂಬುವುದಿಲ್ಲ. ನಮ್ಮಮ್ಮನೇ ನಂಬಲಿಲ್ಲ. ಮೈಸೂರಿನಿಂದ ಫೋನಿನಲ್ಲಿ, "ಹೋಗದಿರಲಿ ಅಂತಲೋ, ಹೋಗಲಿ ಅಂತಲೋ? ಸರಿಯಾಗಿ ಹೇಳೇ" ಎಂದಳು.

ಸಂಗತಿ ಇಷ್ಟೇ. ಅಮೆರಿಕದ ಡ್ಯಾಲಸ್ ಪಕ್ಕದ ಕ್ಯಾರಲ್ಟನ್‌ನಲ್ಲಿ ನಮ್ಮದೊಂದು ಹಳೇ ಮನೆ. ಧಾರವಾಡದಿಂದ ಬಂದ ಅತ್ತೆಗೆ ಕೊಟ್ಟಿದ್ದು ಪಶ್ಚಿಮದ ಕೋಣೆ. ಮೇ ತಿಂಗಳು ಬಂತೋ ಇಲ್ಲವೋ, ಅದರ ಗೋಡೆ ರೊಟ್ಟಿ ಹಂಚಿನ ಹಾಗೆ ಕಾಯತೊಡಗಿತು. ಎಸಿ ತನ್ನ ಪಾಡಿಗೆ ಗುರ್ ಎನ್ನುತ್ತಿತ್ತು, ಗೋಡೆ ತನ್ನ ಪಾಡಿಗೆ ಕಾಯುತ್ತಿತ್ತು. ಅತ್ತೆ ಮಗನನ್ನು ಕರೆದು, "ಧಾರವಾಡದಾಗ ಬಿಸಲು ಹೊರಗಿರ್ತದ, ನಾವು ಒಳಗಿರ್ತೀವಿ. ಇಲ್ಲಿ ಎರಡೂ ಒಂದ ಖೋಲ್ಯಾಗ! ಜೂನ್ ಒಳಗ ನನ್ನ ಕಳಿಸಿಬಿಡಪಾ" ಎಂದರು.

ಅವರು ಹೋದರೆ ನನ್ನ ಗತಿ? ಮನೆಯಿಂದಲೇ ಕೆಲಸ ಮಾಡುವ ನನಗೆ, ಅವರು ಬರುವವರೆಗೆ ಮಧ್ಯಾಹ್ನದ ಊಟಕ್ಕೆ ಜೊತೆ ಎಂದರೆ ಲ್ಯಾಪ್‌ಟಾಪು. ಈಗ ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ನೆಂಚಿಕೊಳ್ಳಲು ಇಡೀ ಧಾರವಾಡದ ಸುದ್ದಿ. ನನ್ನ ಮ್ಯಾನೇಜರ್ ಮೀಟಿಂಗಿನಲ್ಲಿ ಕೊರೆಯುವುದನ್ನು ಕೇಳಿ, ಒಂದಕ್ಷರ ಅರ್ಥವಾಗದೆಯೂ "ಈ ಮನಷ್ಯಾಗ ಕೆಲಸಿಲ್ಲ ನೋಡು" ಎಂದು ತೀರ್ಪು ಕೊಡುವವರು ಬೇರೆಲ್ಲಿ ಸಿಕ್ಕಾರು? ನನಗೆ ಅತ್ತೆ ಬೇಕಾಗಿತ್ತು. ಅದರಲ್ಲಿ ಮುಚ್ಚುಮರೆ ಏನು?

ಒಂದು ಶನಿವಾರ ನಮ್ಮವರು ಕಲ್ಲಂಗಡಿ ಆರಿಸುವವರ ಗಾಂಭೀರ್ಯದಿಂದ ಆ ಗೋಡೆಯನ್ನು ಬೆರಳಲ್ಲಿ ಬಡಿದು ನೋಡಿದರು. ಪೊಳ್ಳು! ಒಳಗಿನ ಡ್ರೈವಾಲ್ ಎಂಬ ಜಿಪ್ಸಮ್ ಹಲಗೆ ಕೊಯ್ದು ತೆಗೆದರೆ, ಮರದ ಪಟ್ಟಿಗಳ ನಡುವೆ ಬಟಾ ಬಯಲು, ಅದರಾಚೆ ಒಂದೇ ಸಾಲು ಇಟ್ಟಿಗೆ. ಮೊಳದಗಲದ ಮಣ್ಣಿನ ಗೋಡೆ ಕಂಡು ಬೆಳೆದ ಅತ್ತೆ ಕೆನ್ನೆಯ ಮೇಲೆ ಕೈಯಿಟ್ಟರು. "ಅಯ್ಯ ಶಿವನ! ಇಷ್ಟು ದಿನ ನನ್ನ ಬಿಸ್ಕೀಟ್ ಡಬ್ಬಿಯೊಳಗ ಮಲಗಿಸಿದ್ರೇನು?"

ಸರಿ, ಅಂಗಡಿಯಿಂದ ಗೋಡೆಯೊಳಗೆ ತುಂಬಿ ಶಾಖ ತಡೆಯುವ ಇನ್ಸುಲೇಶನ್ ಸುರುಳಿಗಳು ಬಂದವು. ನೋಡಲು ಗುಲಾಬಿ ಹತ್ತಿ, ಮುಟ್ಟಿದರೆ ತುರಿಕೆ. ಮಾಸ್ಕು, ಕನ್ನಡಕ, ಕೈಗವಸು ತೊಟ್ಟು ನಾವಿಬ್ಬರೂ ತುಂಬಲು ನಿಂತೆವು. ಆಗಲೇ ನಮ್ಮ ಜನ್ಮಕ್ಕಂಟಿದ ಬುದ್ಧಿ ಎಚ್ಚರವಾಯಿತು. ಇಂಡಿಯಾಕ್ಕೆ ಹೋಗಿಬರುವವರು ನಾವು. ಜಾಗವಿದ್ದಲ್ಲಿ ಬಿಡುವವರೇ ಅಲ್ಲ. ಷೂ ಒಳಗೆ ಸಾಂಬಾರ್ ಪುಡಿ ಇಟ್ಟು, ಅದರ ಸಂದಿಯಲ್ಲಿ ಕಾಲುಚೀಲ ತುರುಕುವ ಕುಲ. ಒಂದು ಪದರ ಹಾಕಿದ ಮೇಲೆ, "ಇನ್ನೊಂದು ಹಿಡಿಯುತ್ತೆ ರೀ" ಎಂದೆ ನಾನು. "ಹಿಡೀತದ, ಹಿಡೀತದ" ಎಂದು ಅವರು ಮೊಣಕೈಯಲ್ಲಿ ಒತ್ತಿದರು. ಕೊನೆಗೆ ಹೊಸ ಹಲಗೆ ಇಟ್ಟರೆ ಅದು ಹೊಟ್ಟೆ ಉಬ್ಬಿಸಿಕೊಂಡು ನಿಂತಿತು. ಗಂಡ ಭುಜ ಕೊಟ್ಟು ತಳ್ಳಿದರೂ ಸ್ಕ್ರೂ ಕಚ್ಚಲಿಲ್ಲ. ನಮ್ಮ ಸೂಟ್‌ಕೇಸುಗಳನ್ನು ಪ್ರತಿಸಲ ಮುಚ್ಚಿಸಿಕೊಡುವ ಅತ್ತೆ ಅಭ್ಯಾಸಬಲದಿಂದ ಬಾಗಿಲಲ್ಲೇ ಕೇಳಿದರು: "ನಾ ಮ್ಯಾಲ ಕುಂದರ್ಲೇನು?"

ನಿಂತ ಗೋಡೆಯ ಮೇಲೆ ಕೂರುವುದು ಹೇಗೆ! ನಕ್ಕು ನಕ್ಕು ನಮ್ಮ ಕನ್ನಡಕಗಳಿಗೆ ಮಂಜು ಕವಿಯಿತು.

ಆಮೇಲೆ ಪೊಟ್ಟಣದ ಮೇಲಿನ ಸೂಚನೆ ಓದಿದೆವು. ಕೆಲಸ ಕೆಟ್ಟ ಮೇಲೆ ಸೂಚನೆ ಓದುವುದು ವಿದ್ಯಾವಂತರ ಲಕ್ಷಣ. "ಅದುಮಬೇಡಿ" ಎಂದು ದಪ್ಪಕ್ಷರದಲ್ಲೇ ಇತ್ತು. ಶಾಖ ತಡೆಯುವುದು ಆ ಹತ್ತಿಯಲ್ಲ, ಅದರೊಳಗೆ ಸಿಕ್ಕಿಕೊಂಡ ಗಾಳಿಯಂತೆ. ಒತ್ತಿದಷ್ಟೂ ಗಾಳಿ ಹೋಗಿ ಉಪಯೋಗ ಕಮ್ಮಿ. ಯೋಚಿಸಿದರೆ ಕೌದಿಯ ಗುಟ್ಟೂ ಇದೇ ಅಲ್ಲವೇ? ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಬಿಗಿಯದೆ ಹೊಲಿದ ಕೌದಿಯೊಳಗಿನ ಬಿಸುಪು ಹತ್ತು ಸಲ ಒಗೆದು ಗಟ್ಟಿಯಾದ ರಗ್ಗಿಗೆ ಎಲ್ಲಿಂದ ಬರಬೇಕು? ತುರುಕಿದ್ದನ್ನೆಲ್ಲ ಕಿತ್ತು, ಒಂದೊಂದು ಸಂದಿಗೆ ಒಂದೇ ಪದರವನ್ನು ಹಗುರವಾಗಿ ಕೂರಿಸಿದೆವು. ಹಲಗೆ ಜಾಣಮರಿಯ ಹಾಗೆ ಕೂತಿತು.

ಬಣ್ಣ ಒಣಗಿದ ಮೇಲೆ ಒಂದು ಮಧ್ಯಾಹ್ನ, ಹೊರಗೆ ಟೆಕ್ಸಸ್ ಬಿಸಿಲು ಧಗಧಗ ಎನ್ನುವಾಗ, ಅತ್ತೆ ಗೋಡೆಗೆ ಅಂಗೈ ಹಚ್ಚಿ ನಿಂತರು. ಅವರು ಕೈ ತೆಗೆದು, ಕೆನ್ನೆಯನ್ನೇ ಹಚ್ಚಿ ನೋಡಿದರು. "ತಣ್ಣಗದವಾ. ಟಿಕೆಟ್ ದೀಪಾವಳಿ ತನಕ ಮುಂದಕ್ಕ ಹಾಕಸು" ಎಂದರು. ನಾನು ಸೊಸೆಯ ಗೌರವ ಮರೆತು ಅವರನ್ನು ಅಪ್ಪಿಕೊಂಡುಬಿಟ್ಟೆ.

ಖುಷಿ ಹೆಚ್ಚಾದರೆ ನನಗೆ ಔದಾರ್ಯ ಉಕ್ಕುತ್ತದೆ. "ಅತ್ತೆ, ಎರಡು ಸುರುಳಿ ಉಳಿದಿವೆ. ನಿಮ್ಮ ಕೋಣೆಗೂ ನಮ್ಮ ಕೋಣೆಗೂ ನಡುವಿನ ಗೋಡೆಗೆ ತುಂಬಿಬಿಡ್ತೀವಿ. ನಮ್ಮ ಗಲಾಟೆ ನಿಮಗೆ ಕೇಳಿಸೋದೇ ಇಲ್ಲ" ಎಂದೆ.

ಅತ್ತೆ ಗಾಬರಿಯಾದರು. "ಏ ಸುಮಾ, ಆ ಗ್ವಾಡಿ ಮುಟ್ಟಬ್ಯಾಡ ಮತ್ತ! ನೀವಿಬ್ರೂ ಜಗಳಾಡಿ, ಆಮ್ಯಾಲ ನಗೋದು ಕೇಳಿಸಿದ ಮ್ಯಾಲೇ ನನಗ ನಿದ್ದಿ ಹತ್ತತದ."

ನನಗೂ ಅಲ್ಲೇ ಇದ್ದ ನಮ್ಮವರಿಗೂ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಆ ರಾತ್ರಿ ನಮಗೆ ಜಗಳಕ್ಕೆ ಕಾರಣವೇ ಇರಲಿಲ್ಲ. ಆದರೂ ಪಾಪ, ಅತ್ತೆ ಮಲಗಬೇಕಲ್ಲ ಎಂದು ಒಂದನ್ನು ಹುಡುಕಿಕೊಂಡೆವು.