ರಾಜಿಗೆ ಇನ್ನೊಂದು ವಾರ

ಮಾರನಹಳ್ಳಿ ಹತ್ತಿರದ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿರುವ ದಯಾನಂದನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದ ಚಟ ಒಂದೇ, ಭಾನುವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಮುಂದೆ ಕೂತು ರಾಜ್ಯ ಆಳುವುದು. ನಲವತ್ತೆರಡು ವರ್ಷದ ಗಂಡ ವಿಡಿಯೋ ಗೇಮ್ ಆಡುತ್ತಾನೆಂದು ಪಂಕಜಾಕ್ಷಿ ತವರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಅದು ಗುಂಡು ಹಾರಿಸುವ ಆಟವಲ್ಲ. ಒಂದು ದೇಶ ಕೊಡುತ್ತಾರೆ, ನಾಲ್ಕುನೂರು ವರ್ಷ ಅದನ್ನು ಕಾಪಾಡಿಕೊಳ್ಳಬೇಕು. ಯುದ್ಧ ಹೂಡುವುದು ಯಾವ ಪೆದ್ದನಿಗೂ ಬರುತ್ತದೆ. ಯಾವಾಗ ರಾಜಿಯಾಗಬೇಕು ಅನ್ನುವುದರಲ್ಲೇ ಇರುವುದು ಬುದ್ಧಿ. ಬೇಗ ಒಪ್ಪಿದರೆ ಸಿಗುವುದು ಚೂರುಪಾರು. ತಡ ಮಾಡಿದರೆ ನಮ್ಮ ಜನವೇ ದಣಿದು ದಂಗೆ ಏಳುತ್ತಾರೆ.

"ರಾಜಿ ಕೇಳ್ಕೊಂಡು ಬಂದೋನಿಗೆ ಎಲ್ಲೋ ಗಾಯ ಆಗೈತೆ ಅಂತ ತಿಳ್ಕೊ. ಇನ್ನೊಂದು ವಾರ ಕಾಯ್ಸು, ಇನ್ನೂ ಕೊಡ್ತಾನೆ," ಅನ್ನುವುದು ಅವನ ಪಾಠ.

ಪಾಠ ಕೇಳುತ್ತಿದ್ದವನು ಅರುಣ್. ಬೆಳಗೋಡಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು, ದಯಾನಂದನ ಶಾಲೆಯ ಗೆಳೆಯ. ಒಬ್ಬ ಇಲ್ಲಿ ಒಬ್ಬ ಅಲ್ಲಿ, ಕಿವಿಗೆ ಫೋನ್ ಸಿಕ್ಕಿಸಿಕೊಂಡು ಆರು ವರ್ಷ ಜೊತೆಗೂಡಿ ಆಡಿದ್ದರು. ಆಡಿದ್ದಕ್ಕಿಂತ ಹರಟಿದ್ದೇ ಹೆಚ್ಚು. ಅರುಣನ ಕೆನ್ನೆಯೊಳಗೆ ಸದಾ ಗುಟ್ಕಾ, ಅದರ ಸಂದಿಯಲ್ಲೇ ಮುಗಿಯದ ಮಾತು.

ಹೋದ ಮಳೆಗಾಲದಲ್ಲಿ ದಯಾನಂದನ ಸೈನ್ಯವೆಲ್ಲ ಪೂರ್ವದ ಗಡಿಯಲ್ಲಿದ್ದಾಗ ಅರುಣ್ ಸ್ನೇಹದ ಒಪ್ಪಂದ ಮುರಿದು ಹಿಂದಿನಿಂದ ನುಗ್ಗಿಬಿಟ್ಟ. ನಗುತ್ತಲೇ ನುಗ್ಗಿದ. ದಯಾನಂದನಿಗೆ ನಗು ಬರಲಿಲ್ಲ. ಫೋನ್ ಕುಕ್ಕಿದವನು ಮಾತೇ ಬಿಟ್ಟ. ನಮ್ಮ ಕಡೆ ಮಾತು ಬಿಟ್ಟರೆ ಬಿಟ್ಟ ಹಾಗೆಯೇ, ಮೊದಲು ಮಾತಾಡಿಸಿದವನು ಸೋತಂತೆ. ಗದ್ದೆ ಬದುವಿಗೆ ಮಾತು ಬಿಟ್ಟವರಿದ್ದಾರೆ, ಮದುವೆ ಊಟಕ್ಕೆ ಸರಿಯಾಗಿ ಕರೆಯಲಿಲ್ಲವೆಂದು ಬಿಟ್ಟವರಿದ್ದಾರೆ. ಕಂಪ್ಯೂಟರಿನ ರಾಜ್ಯಕ್ಕೆ ಬಿಟ್ಟವರು ಇವರೇ ಮೊದಲಿರಬೇಕು. ಆಟ ಮಾತ್ರ ನಿಲ್ಲಲಿಲ್ಲ. ಭಾನುವಾರ ಬಂತೆಂದರೆ ಇಬ್ಬರೂ ತುಟಿ ಬಿಚ್ಚದೆ ಹೊಡೆದಾಡುತ್ತಿದ್ದರು.

ದೀಪಾವಳಿ ಹೊತ್ತಿಗೆ ಅರುಣ್ ಸೋಲತೊಡಗಿದ. ಒಂದು ಭಾನುವಾರ ಪರದೆಯ ಮೇಲೆ ಅವನ ರಾಜಿ ಪತ್ರ ಬಂತು, ಎರಡು ಜಿಲ್ಲೆ ಬಿಟ್ಟುಕೊಡುತ್ತೇನೆಂದು. ದಯಾನಂದ ಒಪ್ಪಲಿಲ್ಲ. ಮುಂದಿನ ವಾರ ಐದು ಜಿಲ್ಲೆ, ಮೇಲೊಂದು ಬಂದರು. ಅದಕ್ಕೂ ಇಲ್ಲವೆಂದ. ಮೂರನೆಯ ವಾರ ಅರುಣ್ ರಾಜಧಾನಿಯನ್ನೇ ಕೊಟ್ಟ. ಇನ್ನು ಕೇಳುವುದಕ್ಕೆ ನಕ್ಷೆಯಲ್ಲಿ ಏನೂ ಉಳಿದಿರಲಿಲ್ಲ. ದಯಾನಂದನಿಗೆ ಗೆಳೆಯನ ದನಿ ಕೇಳಬೇಕೆಂಬ ಆಸೆ ಇದ್ದೇ ಇತ್ತು. ಆದರೆ ರಾಜಧಾನಿ ಕೊಡುವವನು ಒಂದು ಫೋನ್ ಮಾಡಲಾರನೇ? ಮಾಡಲಿ, ಇನ್ನೊಂದು ವಾರ ನೋಡೋಣ ಎಂದು ಉತ್ತರ ಕೊಡದೆ ಎದ್ದ. ಅತಿ ಆಸೆ ಗತಿಗೇಡು ಅಂತ ಶಾಲೆಯ ಗೋಡೆ ಮೇಲೆ ಬರೆಸಿರುತ್ತಾರೆ, ಓದುವವರು ಯಾರು.

ಮರು ಭಾನುವಾರ ಅರುಣ್ ಆಟಕ್ಕೆ ಬರಲಿಲ್ಲ. ಅದರ ಮರುವಾರವೂ ಇಲ್ಲ. ತಿಂಗಳಾದ ಮೇಲೆ ಬೆಳಗೋಡು ಬಸ್ಸಿನ ಕಂಡಕ್ಟರ್ ಸುದ್ದಿ ಹೇಳಿದ. ಅರುಣನಿಗೆ ಬಾಯಿ ಕ್ಯಾನ್ಸರಂತೆ, ಆಪರೇಷನ್ ಮುಗಿಸಿ ಮನೆಗೆ ತಂದಿದ್ದಾರಂತೆ. ದಯಾನಂದ ಅದೇ ಬಸ್ಸು ಹತ್ತಿದ.

ಅರುಣ್ ಕುರ್ಚಿಯಲ್ಲಿ ಕೂತಿದ್ದ. ದವಡೆಯ ಒಂದು ಕಡೆ ಇರಲಿಲ್ಲ, ಮೂಗಿಗೆ ನಳಿಕೆ. ನಾಲಿಗೆಯನ್ನು ಪೂರ್ತಿ ತೆಗೆದಿದ್ದರು.

"ಆಪರೇಷನ್ ಮಾಡಿದ್ರೆ ಮಾತು ಹೋಯ್ತದೆ ಅಂತ ಡಾಕ್ಟ್ರು ಮೊದ್ಲೇ ಹೇಳಿದ್ರು ಕಣಣ್ಣ," ಅಂದಳು ಹೆಂಡತಿ ದೀಪಶ್ರೀ. "ಅಷ್ಟ್ರಲ್ಲಿ ದಯಾ ರಾಜಿಗೆ ಒಪ್ಲಿ, ಒಪ್ಪಿದ ತಕ್ಷಣ ಫೋನ್ ಮಾಡಿ ಮಾತಾಡ್ತೀನಿ ಅಂತ ಮೂರು ಭಾನುವಾರ ಕಾದ್ರು."

ದಯಾನಂದ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. ತಪ್ಪಾಯಿತೆಂದ. ಮತ್ತೆ ಮತ್ತೆ ಅದನ್ನೇ ಅಂದ. ಅರುಣನ ಗಂಟಲಲ್ಲಿ ಏನೋ ಹೊರಳಿತು, ಜೊಲ್ಲು ಇಳಿಯಿತು, ದೀಪಶ್ರೀ ಒರೆಸಿದಳು. ಆಮೇಲೆ ಅವನು ಮಗಳ ಸ್ಲೇಟು ಎಳೆದುಕೊಂಡು ನಿಧಾನವಾಗಿ ಬರೆದ.

"ರಾಜಧಾನಿ ಕೊಟ್ನಲ್ಲೋ. ಇನ್ನೇನ್ ಬೇಕಿತ್ತು?"

ನೀನೇ ಮೊದಲು ಮಾತಾಡಬೇಕಿತ್ತು. ಉತ್ತರ ಅದೊಂದೇ ಇದ್ದದ್ದು. ಹೇಳಲು ದಯಾನಂದನಿಗೆ ಬಾಯಿ ಬರಲಿಲ್ಲ.