ಕಂಡಿಕೆ ಸುತ್ತುವವಳ ಕೂಲಿ

ಹಿಂದೂಪುರದ ನಮ್ಮ ಬೀದಿಗೆ ಬರುತ್ತಿದ್ದದ್ದು ಒಂದೇ ಪೇಪರು, ಅದೂ ತೆಲುಗಿನದು. ಎದುರುಮನೆಯ ಮೇಷ್ಟ್ರು ಅದನ್ನು ತೆಲುಗಿನಲ್ಲಿ ಓದಿ, ಕನ್ನಡದಲ್ಲಿ ಹೇಳಿ, ನಡುವೆ ತಮ್ಮದೂ ನಾಲ್ಕು ಮಾತು ಸೇರಿಸಿ ಬಡಿಸುತ್ತಿದ್ದರು. ಎಪ್ಪತ್ತರ ದಶಕದ ಕೊನೆಯ ಮಾತು, ನಾನಿನ್ನೂ ಲಂಗದ ಹುಡುಗಿ. ಭಾನುವಾರ ಬೆಳಗ್ಗೆ ಅವರು ನಮ್ಮ ಹೊಸ್ತಿಲ ಬಳಿ ಬಂದು ಕೂತರೆ ಅಪ್ಪ ಮಗ್ಗ ನಿಲ್ಲಿಸುತ್ತಿದ್ದ. ಅಮ್ಮನ ರಾಟೆ ಮಾತ್ರ ನಿಲ್ಲುತ್ತಿರಲಿಲ್ಲ. ಲಾಳಿಯೊಳಗೆ ಕೂರುವ ಪುಟ್ಟ ಕೊಳವೆಗೆ ರೇಷ್ಮೆ ಸುತ್ತಿದರೆ ಅದು ಕಂಡಿಕೆ. ಅಪ್ಪ ನೇಯ್ದಷ್ಟೂ ಅಮ್ಮ ಸುತ್ತುತ್ತಲೇ ಇರಬೇಕು. ಆದರೆ ರೇಷ್ಮೆ ಕೊಟ್ಟು ನೇಯಿಸುವ ಸಾಹುಕಾರರು ಕೂಲಿ ಕೊಡುತ್ತಿದ್ದದ್ದು ಸೀರೆಗೆ, ಅದೂ ಅಪ್ಪನ ಕೈಗೆ. ಸುತ್ತುವವಳದ್ದು ಅದರಲ್ಲೇ ಸೇರಿತು ಅಂತ ಲೆಕ್ಕ. ಯಾವ ಮನೆಯಲ್ಲೂ ಯಾರೂ ಅದನ್ನು ಬಿಡಿಸಿ ನೋಡಿದವರಿಲ್ಲ.

ಒಂದು ಭಾನುವಾರ ಪೇಪರಿನಲ್ಲಿ ಯಾವ ಯಾವ ದೇಶದಲ್ಲಿ ಕನಿಷ್ಠ ಕೂಲಿ ಎಷ್ಟೆಷ್ಟು ಎಂದು ಬಂದಿತ್ತು.

‘ಇದಕ್ಕಿಂತ ಕಮ್ಮಿ ಕೊಡಂಗಿಲ್ಲ ಅಂತ ಸರಕಾರನೇ ಕಟ್ಟಿರೋ ಕೂಲಿ ಕಣಪ್ಪ. ಅಮೆರಿಕಾದಾಗೆ ಗಂಟೆ ಲೆಕ್ಕ, ಗಂಟೆಗೇ ಇಷ್ಟು!’ ಎಂದರು ಮೇಷ್ಟ್ರು.

‘ಅಯ್ಯೋ ಬಿಡಿ ಮೇಷ್ಟ್ರೇ, ಅಲ್ಲಿ ಟೀ ಕುಡುದ್ರೂ ಅಷ್ಟೇ ಕಿತ್ಕಂತಾರೆ,’ ಎಂದ ಅಪ್ಪ. ಹಾಗಂದವನೇ ಮಗುವಿನಂತೆ ಜಪಾನಿನದು ಹೇಳಿ, ಇನ್ನೊಂದು ದೇಶದ್ದು ಹೇಳಿ ಎಂದು ಗಂಟು ಬಿದ್ದ. ಪ್ರತಿ ದೇಶದ ಕೂಲಿಯನ್ನೂ ಸೀರೆಗೆ ಇಳಿಸಿ ನೋಡುವುದು ಅವನ ಲೆಕ್ಕ. ‘ಶಿವಾ! ಹಂಗಾರೆ ಅಲ್ಲಿ ನಾಕು ಸೀರೆ ನೇಯ್ದು ಬಂದ್ಬುಟ್ರೆ ಇಲ್ಲಿ ಮಾಳಿಗೆ ಮನೇನೇ ಕಟ್ಬೋದಲ್ಲ!’

ಆಗ ರಾಟೆ ನಿಂತಿತು.

‘ಮೇಷ್ಟ್ರೇ, ಕಂಡಿಕೆ ಸುತ್ತೋಳಿಗೆ ಆ ದೇಶದಾಗೆ ಎಷ್ಟು ಕೊಡ್ತಾರೆ?’ ಎಂದು ಅಮ್ಮ ಕೇಳಿದಳು.

ಮೇಷ್ಟ್ರು ಪಾಪ, ಪೇಪರನ್ನು ನಿಜವಾಗಿಯೂ ಹುಡುಕಿದರು. ‘ಕಂಡಿಕೆ ಅಂತ ಬರ್ದಿಲ್ಲ ಕಣಮ್ಮ. ಯಾರು ದುಡುದ್ರೆ ಅವ್ರ ಕೂಲಿ ಅವ್ರ ಕೈಗೆ. ಗಂಡಂದು ಬ್ಯಾರೆ, ಹೆಂಡ್ತೀದು ಬ್ಯಾರೆ.’

‘ಸರಿಹೋಯ್ತು! ನಾಳಿಂದ ಮುದ್ದೆ ತಿರುವಿದ್ದಕ್ಕೂ ಬಿಲ್ಲು ಹಾಕ್ತಾಳೆ ನೋಡಿ ಇವ್ಳು,’ ಎಂದು ಅಪ್ಪ ನಕ್ಕ. ಮೇಷ್ಟ್ರೂ ನಕ್ಕರು.

‘ಮುದ್ದೆಗೆ ಬ್ಯಾಡ,’ ಎಂದಳು ಅಮ್ಮ. ‘ಕಂಡಿಕೆಗೆ ಕೇಳ್ದೆ.’

ಅಪ್ಪ ಮಾತು ಬದಲಾಯಿಸಿದ. ಅಮ್ಮ ಬದಲಾಯಿಸಲಿಲ್ಲ. ದೀಪಾವಳಿಗೆ ಕಲ್ಯಾಣದುರ್ಗದ ತವರಿಗೆ ಹೊರಟವಳು, ಸ್ಕೂಲು ತಪ್ಪುತ್ತದೆಂದು ನನ್ನನ್ನು ಬಿಟ್ಟು ಹೋದಳು. ‘ನಾಕು ದಿನ ಇದ್ದು ಬತ್ತೀನಿ’ ಎಂದಿದ್ದಳು. ಹಬ್ಬ ಮುಗಿದು ಎಷ್ಟೋ ದಿನವಾದರೂ ಬರಲಿಲ್ಲ. ಆಮೇಲೆ ಆ ಕಡೆಯ ಬಸ್ಸಿನ ಕಂಡಕ್ಟರೊಬ್ಬ ನಮ್ಮ ಮಾವ ಹೇಳಿಕಳಿಸಿದ್ದನ್ನು ತಂದ: ಅಮ್ಮ ಕಡ್ಲೆಕಾಯಿ ಕೀಳುವ ಕೂಲಿಗೆ ಹೋಗುತ್ತಿದ್ದಾಳೆ, ಸುಗ್ಗಿ ಮುಗಿಸಿಕೊಂಡೇ ಬರುತ್ತಾಳಂತೆ.

ಅಪ್ಪ ಬೈದ, ಕೂಗಾಡಿದ, ಕೊನೆಗೆ ನನ್ನನ್ನು ಸ್ಕೂಲು ಬಿಡಿಸಿ ರಾಟೆಯ ಮುಂದೆ ಕೂರಿಸಿದ. ಮಗ್ಗಕ್ಕೆ ಕಂಡಿಕೆ ಬೇಕಲ್ಲ! ನನ್ನ ಕೈಯಲ್ಲಿ ನೂಲು ತುಂಡಾಗುತ್ತಿತ್ತು, ಬೆರಳು ಸೀಳುತ್ತಿತ್ತು. ಅಮ್ಮ ಕೂರುತ್ತಿದ್ದ ಜಾಗದಲ್ಲೇ ಕೂತು ಅವಳಿಗಾಗಿ ಅಳುತ್ತಿದ್ದೆ. ಅವಳು ಸುತ್ತುವಾಗ ಗಂಟಲಲ್ಲೇ ಏನೋ ಗುನುಗುತ್ತಿದ್ದಳು. ಅದು ಯಾವ ಹಾಡೆಂದು ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಅಪ್ಪನದು ಬೇರೆ ಥರ. ಬಾಯಿಬಿಟ್ಟು ಒಂದು ದಿನವೂ ಅವಳ ಸುದ್ದಿ ಎತ್ತಲಿಲ್ಲ. ಸಾರಿಗೆ ಎರಡೆರಡು ಸಲ ಉಪ್ಪು ಹಾಕಿ ತಾನೇ ಉಂಡು, ತಾನೇ ಬೈದುಕೊಳ್ಳುತ್ತಿದ್ದ. ಒಂದು ದಿನ ಮಗ್ಗದಿಂದೆದ್ದು, ‘ನಡಿಯವ್ವ, ಹೋಗಿ ಕರ್ಕೊಂಡ್ ಬರಾನ’ ಎಂದ.

ಸೋಮಂದೇಪಲ್ಲಿ, ಪೆನುಕೊಂಡ ದಾಟಿ ಕಲ್ಯಾಣದುರ್ಗ ತಲುಪುವ ಹೊತ್ತಿಗೆ ಸಂಜೆಯಾಗಿತ್ತು. ಮಾವನ ಮನೆಯಲ್ಲಿ ಹೊಲ ತೋರಿಸಿದರು. ಕೂಲಿಯ ಹೆಂಗಸರೆಲ್ಲ ಬದುವಿನ ಮೇಲೆ ಸಾಲಾಗಿ ನಿಂತಿದ್ದರು. ಹೊಲದ ರೈತ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಕೈಗೆ ದುಡ್ಡು ಹಾಕುತ್ತಿದ್ದ. ಅಮ್ಮನ ಸರದಿ ಬಂತು. ಮಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಚಾಚಿದಳು, ದುಡ್ಡನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. ಅಷ್ಟು ಚೆಂದವಾಗಿ ಅವಳು ನಗುವುದನ್ನು ನಾನು ಹಿಂದೂಪುರದಲ್ಲಿ ನೋಡಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು.

ಆಮೇಲೆ ನಮ್ಮನ್ನು ಕಂಡಳು. ಓಡಿ ಬಂದು ನನ್ನ ಕೈ ಹಿಡಿದವಳಿಗೆ ಬೆರಳ ಮೇಲಿನ ಸೀಳು ಸಿಕ್ಕಿತು.

‘ಇಸ್ಕೂಲು?’

ಇಲ್ಲವೆಂದು ತಲೆಯಾಡಿಸಿದೆ. ಅಮ್ಮ ಅಪ್ಪನ ಕಡೆ ತಿರುಗಿದಳು.

‘ನಾನು ಬಿಟ್ಟಿ ಸುತ್ತಿದ್ದು ಸಾಲ್ದು ಅಂತ ಇವ್ಳನ್ನ ಕೂರ್ಸಿದ್ಯಾ? ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಕೆಸರೆಲ್ಲ ನಮ್ದು, ಮೊಸರು ಯಾರ್ದಪ್ಪಾ?’

‘ಬಿಟ್ಟಿ ಅಂತೀಯಲ್ಲೇ! ಮನೇಲಿರೋದೆಲ್ಲ ನಿಂದೇ ಅಲ್ವಾ?’

‘ನಂದಾದ್ರೆ ಒಂದು ರವಿಕೆ ಬಟ್ಟೆಗೂ ನಿನ್ನ ಮುಖ ಯಾಕೆ ನೋಡ್ಬೇಕು?’

ಅಪ್ಪ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತ. ‘ಎಷ್ಟು ಕೊಡ್ಲಿ, ಹೇಳು’ ಎಂದ. ಅವನ ದನಿ ಸೋತಿತ್ತು.

‘ಎಷ್ಟಾರ ಕೊಡು,’ ಎಂದಳು ಅಮ್ಮ. ‘ಕೊಡು, ಅಷ್ಟೇ.’

ಮರುದಿನವೇ ನಮ್ಮ ಜೊತೆ ಬಂದಳು, ನಾನು ಸ್ಕೂಲಿಗೆ ಹೋದೆ. ಮಗ್ಗದ ಮೇಲಿದ್ದ ಸೀರೆ ಮುಗಿದ ದಿನ ಅಪ್ಪನ ಹಿಂದೆಯೇ ಅಮ್ಮನೂ ಸಾಹುಕಾರರ ಮನೆಗೆ ಹೊರಟಳು. ಹೆಂಗಸರು ಕೂಲಿಗೆಂದು ಆ ಜಗಲಿ ಹತ್ತಿದ್ದೇ ಇಲ್ಲ. ನಾನು ಅವಳ ಸೆರಗು ಹಿಡಿದಿದ್ದೆ. ಸಾಹುಕಾರರು ದುಡ್ಡು ಎಣಿಸಿ ಅಪ್ಪನಿಗೆ ಕೊಟ್ಟರು. ಅಪ್ಪ ಮೆಲ್ಲಗೆ, ‘ನಡಿ, ಮನೇಲಿ ಕೊಡ್ತೀನಿ’ ಎಂದ.

‘ಮನೇಲಿ ಕೊಟ್ರೆ ಅದು ಸಂತೆ ಖರ್ಚು. ಇಲ್ಲಿ ಕೊಡು, ಕೂಲಿ ಆಯ್ತದೆ.’

ಜಗಲಿಯಲ್ಲಿದ್ದ ನೇಕಾರರೆಲ್ಲ ಇತ್ತಲೇ ನೋಡುತ್ತಿದ್ದರು. ‘ಏಮಯ್ಯಾ, ಆಯಮ್ಮದಿ ಆಯಮ್ಮಕಿ ಇಚ್ಚೇಯ್,’ ಅವಳದು ಅವಳಿಗೆ ಕೊಟ್ಟುಬಿಡು ಎಂದು ಯಾರೋ ತೆಲುಗಿನಲ್ಲಿ ಕಿಚಾಯಿಸಿದರು. ಅಪ್ಪನ ಕಿವಿ ಕೆಂಪಾಯಿತು. ಆದರೂ ಅವಳ ಪಾಲು ಬೇರೆ ತೆಗೆದು ಅವಳ ಅಂಗೈಯಲ್ಲಿಟ್ಟ. ಅಮ್ಮ ಕಣ್ಣಿಗೊತ್ತಿಕೊಂಡಳು. ಅವತ್ತಿನಿಂದ ಪ್ರತಿ ಸೀರೆಗೂ ಇದೇ ನಡೆಯಿತು. ಆ ದುಡ್ಡಿನಲ್ಲಿ ನನ್ನ ಪರೀಕ್ಷೆಯ ಫೀಜು ಕಟ್ಟಿದಳು, ಒಂದು ಸಲ ಅಪ್ಪನಿಗೇ ಅಂಗಿ ಹೊಲಿಸಿ ಹಾಕಿಕೊಳ್ಳುವವರೆಗೂ ಬಿಡಲಿಲ್ಲ. ‘ನನ್ ದುಡ್ಡು ಕಣಯ್ಯ, ಸುಮ್ನೆ ತೊಟ್ಕೋ’ ಎನ್ನುವಾಗಿನ ಅವಳ ಜಂಬ ನೋಡಬೇಕಿತ್ತು. ಈಗಲೂ ಒಮ್ಮೆ ಅದನ್ನು ಕೇಳಬೇಕೆಂದು ಜೀವ ಹಾತೊರೆಯುತ್ತದೆ.

ತೊಂಬತ್ತರ ದಶಕದಲ್ಲಿ ಅಮ್ಮ ಜ್ವರಕ್ಕೆ ಮಲಗಿದಳು, ಏಳಲಿಲ್ಲ. ನಾನಾಗ ಪೆನುಕೊಂಡದಲ್ಲಿ ಟೀಚರು. ರಜೆ ಹಾಕಿ ಅಪ್ಪನ ಜೊತೆ ಇದ್ದೆ. ಕರ್ಮಾಂತರ ಕಳೆದ ಮೇಲೆ ಅಪ್ಪ ಮಗ್ಗಕ್ಕಿಳಿದ. ಅವಳು ಸುತ್ತಿಟ್ಟ ಕಂಡಿಕೆಗಳು ಬುಟ್ಟಿಯಲ್ಲಿ ಹಾಗೇ ಇದ್ದವು. ಅಪ್ಪ ಅಷ್ಟು ನಿಧಾನವಾಗಿ ನೇಯ್ದದ್ದನ್ನು ನಾನು ಕಂಡಿರಲಿಲ್ಲ. ಒಂದು ಕಂಡಿಕೆ ಖಾಲಿಯಾದರೆ ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದ. ನಾನು ರಾಟೆಗೆ ಕೈ ಹಾಕಿದರೆ, ‘ಬ್ಯಾಡ ಬಿಡವ್ವ, ಐತೆ ಇನ್ನಾ’ ಎನ್ನುತ್ತಿದ್ದ. ಬುಟ್ಟಿ ಬರಿದಾಗುವುದಕ್ಕೂ ಸೀರೆ ಮುಗಿಯುವುದಕ್ಕೂ ಸರಿಹೋಯಿತು.

ಸಾಹುಕಾರರ ಮನೆಗೆ ನಾನೂ ಹೋದೆ. ಅವರು ದುಡ್ಡು ಕೊಟ್ಟರು. ಅಪ್ಪ ಎಂದಿನಂತೆ ಎರಡು ಪಾಲು ಮಾಡಿ, ಒಂದನ್ನು ಜೇಬಿಗೆ ಹಾಕಿ, ಇನ್ನೊಂದನ್ನು ಹಿಡಿದು ಪಕ್ಕಕ್ಕೆ ತಿರುಗಿದ. ಅಲ್ಲಿ ನಾನು ನಿಂತಿದ್ದೆ.

‘ಇಟ್ಕೊಳ್ಳಪ್ಪ,’ ಎಂದೆ.

‘ಅದೆಂಗವ್ವ ಇಟ್ಕಳ್ಲಿ? ಸುತ್ತಿದ್ದು ಅವ್ಳು,’ ಎಂದ ಅಪ್ಪ. ಚಾಚಿದ ಕೈ ಹಾಗೇ ಇತ್ತು. ‘ಯಾರ ಕೈಗೆ ಕೊಡ್ಲಿ ಇದ್ನ?’