ನಾಲ್ಕು ಗಂಟಿನ ಹಗ್ಗ, ಕೂರದ ಜಾಲರಿ

ಅಳತೆಯೆಲ್ಲ ಸರಿಯಿದೆ, ಮಾಡಿದ ವಸ್ತು ಮಾತ್ರ ಜಾಗದಲ್ಲಿ ಕೂರುತ್ತಿಲ್ಲ. ನಿಮಗೆ ಎಂದಾದರೂ ಹೀಗಾಗಿದೆಯಾ? ನನಗಾಗಿದೆ. ತಪ್ಪು ನನ್ನದು, ಬೈಗುಳ ತಿಂದವರು ಬೇರೆ.

ಎಪ್ಪತ್ತರ ದಶಕ. ಐಟಿಐ ಮುಗಿಸಿ ಚಿತ್ರದುರ್ಗದ ಒಂದು ವೆಲ್ಡಿಂಗ್ ಶಾಪಿನಲ್ಲಿ ಡ್ರಾಯಿಂಗ್ ಬರೆಯುತ್ತಿದ್ದೆ. ನಾನು ಗೆರೆ ಎಳೆದರೆ ಅದೇ ಕೊನೆ ಎಂಬ ಜಂಬ. ಒಂದು ದಿನ ತಾಳ್ಯದ ಕಡೆಯ, ಕುರಿ ಸಾಕುವ ಮನೆಯ ಯಜಮಾನರು ನಾಲ್ಕು ಗಂಟು ಹಾಕಿದ ಹಗ್ಗ ತಂದರು. ಅಂಗಳದ ನಾಲ್ಕು ಮೂಲೆಯ ಸೇದುವ ಬಾವಿಗೆ ಕಬ್ಬಿಣದ ಜಾಲರಿ ಬೇಕಿತ್ತು. ಮೊಮ್ಮಗಳು ಆಗಷ್ಟೇ ನಡೆಯಲು ಕಲಿತಿದ್ದಳು, ಬಾವಿಗೆ ಕಟ್ಟೆ ಇರಲಿಲ್ಲ. ಹಗ್ಗದ ತುದಿಯಿಂದ ಮೊದಲ ಗಂಟಿಗೆ, ಆಮೇಲೆ ಗಂಟಿನಿಂದ ಗಂಟಿಗೆ ಬಾವಿಯ ಒಂದೊಂದು ಬದಿ. ಎದುರು ಬದಿಗಳು ಸಮ. ಇನ್ನೇನು, ಚೊಕ್ಕವಾಗಿ ಆಯತ ಬರೆದೆ. ಶಾಪಿನ ಮೇಸ್ತ್ರಿ ವೆಲ್ಡ್ ಮಾಡಿ ಕಳಿಸಿದರು.

ವಾರದಲ್ಲೇ ಯಜಮಾನರು ವಾಪಸ್. "ಒಂದು ಮೂಲೆ ಮುಚ್ಚಿದ್ರೆ ಇನ್ನೊಂದು ಬಾಯಿ ಬಿಡ್ತೈತೆ. ಕುರಿಮರಿ ತೂರೋವಷ್ಟು ಸಂದು ಐತ್ರಿ."

ನಾನು ಮೇಸ್ತ್ರಿಯ ಮೇಲೆ ಹಾರಿದೆ. "ಡ್ರಾಯಿಂಗ್ ನೋಡ್ದೆ ಕಟ್ಟೀರೇನ್ರಿ?"

"ಒಂದು ನೂಲು ಹೆಚ್ಚುಕಮ್ಮಿ ಇಲ್ಲಪ್ಪ. ಹೋಗಿ ಟೇಪು ಹಿಡ್ದು ನೋಡು."

ಭಾನುವಾರ ಬಸ್ಸು ಹತ್ತಿ ಹೋದೆ. ಅಂಗಳದಲ್ಲಿ ಮಗುವನ್ನು ಹಳೆ ಸೀರೆಯಿಂದ ಮಂಚದ ಕಾಲಿಗೆ ಕಟ್ಟಿದ್ದರು. ಅತ್ತು ಅತ್ತು ಗಂಟಲು ಬಿದ್ದಿತ್ತು. "ಬಿಟ್ರೆ ಬಾವಿ ಕಡೀಗೇ ಓಡ್ತಾಳೆ, ಏನ್ ಮಾಡಾಣ?" ಎಂದಳು ತಾಯಿ. ನನ್ನ ಜಂಬ ಅಲ್ಲೇ ಇಳಿಯಿತು.

ಬಾವಿಯದೂ ಜಾಲರಿಯದೂ ನಾಲ್ಕೂ ಬದಿ ಮೂರು ಸಲ ಅಳೆದೆ. ಎಲ್ಲ ಸರಿ! ತಲೆ ಕೆಟ್ಟುಹೋಯಿತು.

ಕುರಿಮರಿಗಳನ್ನು ಕೂಡುವ ರೊಪ್ಪದ ಹತ್ತಿರ ಕುಳಿತಿದ್ದ ಆ ಮನೆಯ ಅಜ್ಜಿ ನಕ್ಕರು. "ಏನಪ್ಪ ಓದಿದೋನೆ, ಬಾವಿಗೆ ಪ್ರದಕ್ಷಿಣೆ ಹಾಕ್ತಾ ಇದೀಯೇನು? ಬಾ ಇಲ್ಲಿ."

ರೊಪ್ಪವೆಂದರೆ ಬಿದಿರು ಹೆಣೆದ ನಾಲ್ಕು ತಡಿಕೆ, ಮೂಲೆಗಳಲ್ಲಿ ಹಗ್ಗದ ಕಟ್ಟು. ಅಡ್ಡ ಕಟ್ಟಿದ್ದ ಗಳ ಬಿಚ್ಚಿ ಅಜ್ಜಿ ಸೊಂಟದಿಂದ ದೂಡಿದರು. ಇಡೀ ರೊಪ್ಪ ಓರೆಯಾಯಿತು.

"ತಡಿಕೆ ಏನ್ ಗಿಡ್ಡ ಆದ್ವೇನು? ಅಷ್ಟೇ ಅವೆ. ರೊಪ್ಪ ಸೊಟ್ಟ ಆತು. ಅದ್ಕೇ ಮೂಲೆಯಿಂದ ಮೂಲೆಗೆ ಗಳ ಕಟ್ಟಾದು. ಬಾವಿ ಮೂಲೆಗ್ ಮೂಲೆ ಅಳ್ದೇನು?"

ಅಳೆದಿರಲಿಲ್ಲ. ಬಾವಿಯ ಮೇಲೆ ಅಡ್ಡ ಹಗ್ಗ ಹಿಡಿದರೆ ಒಂದು ಕರ್ಣ ಉದ್ದ, ಇನ್ನೊಂದು ಗೇಣು ಗಿಡ್ಡ! ಬಾವಿಯೇ ಓರೆ, ನನ್ನ ಆಯತ ಅದಕ್ಕೆ ಕೂರುವುದೆಲ್ಲಿ? ಈಗ ಕಂಪ್ಯೂಟರಿನಲ್ಲಿ ಗೆರೆ ಎಳೆಯುವವರಿಗೆ ಅಳತೆ ಸಾಲದಿದ್ದರೆ ಮೌಸಿನಿಂದ ಒಂದು ಮೂಲೆ ಎಳೆದ ಕೂಡಲೇ ಆಕೃತಿ ಓರೆಯಾಗಿ ಜಾರಿ ತೋರಿಸುತ್ತದೆ. ನನಗೆ ಅದನ್ನು ತೋರಿಸಿದ್ದು ಆ ಅಜ್ಜಿ.

ಶಾಪಿಗೆ ಬಂದು, ಈ ಸಲ ಹೆದರಿ ಎರಡೂ ಕರ್ಣ, ನಾಲ್ಕೂ ಕೋನ ಬರೆದುಕೊಟ್ಟೆ. ಮೇಸ್ತ್ರಿ ಹಣೆ ಚಚ್ಚಿಕೊಂಡರು. "ಲೇ, ಅಳತೆ ಒಂದು ನೂಲು ತಪ್ಪಿದ್ರೂ ಇದ್ರಾಗೆ ಒಂದಕ್ಕೊಂದು ಜಗಳ ಆಡ್ತಾವೆ. ನಾನು ಯಾವುದ್ನ ನಂಬ್ಲಿ? ನಾಲ್ಕು ಬದಿ, ಒಂದು ಕರ್ಣ ಇಡು, ಉಳಿದಿದ್ದು ಅಳಿಸು." ಅಳಿಸಿದೆ. ಬೈದದ್ದಕ್ಕೆ ತಪ್ಪಾಯಿತು ಎಂದೂ ಹೇಳಿದೆ.

ಜಾಲರಿ ವಾಪಸ್ ತರಿಸಿ, ಬೆಸುಗೆ ಬಿಡಿಸಿ, ಅವೇ ಕಂಬಿಗಳನ್ನು ಓರೆ ಮಾಡಿ ಕೂಡಿಸಿದರು. ನಾನೇ ಜೊತೆಗೆ ಹೋದೆ. ಜಾಲರಿ ಕೂತಿತು, ನಾಲ್ಕೂ ಮೂಲೆಗೆ. ತಾಯಿ ಮೂರು ಸಲ ತುಳಿದು ನೋಡಿ, ಆಮೇಲೆ ಸೀರೆಯ ಗಂಟು ಬಿಚ್ಚಿದಳು. ಮಗು ನೇರ ಬಾವಿಗೇ ಓಡಿ, ಜಾಲರಿಯ ಮೇಲೆ ಕೂತು, ಸಂದಿಯಿಂದ ಒಂದೊಂದೇ ಕಲ್ಲು ಹಾಕತೊಡಗಿತು.

ಅಳತೆ ಸರಿಯಿದ್ದೂ ಕೆಟ್ಟ ಕೆಲಸ ನಿಮ್ಮದೂ ಒಂದಿರಬೇಕಲ್ಲ? ಕೆಳಗೆ ಬರೆಯಿರಿ. ತಪ್ಪು ಹಿಡಿದುಕೊಟ್ಟವರು ಯಾರು ಅನ್ನುವುದನ್ನೂ ಸೇರಿಸಿ.